ರೋಗಿಯ ಕೋಣೆಯ ಪಕ್ಕದ ತೋಟ

ಸ್ವಿಟ್ಜರ್ಲೆಂಡಿನ ಸಂತ ಗಾಲರ ಮಠದ ಗ್ರಂಥಾಲಯದಲ್ಲಿ ಹಳೆಯ ನಕ್ಷೆಯೊಂದಿದೆ. ಐದು ಚರ್ಮದ ಹಾಳೆಗಳನ್ನು ಹೊಲಿದು ಜೋಡಿಸಿ, ಮಠವೊಂದು ಹೇಗಿರಬೇಕೆಂಬುದನ್ನು ಕ್ರಿ.ಶ. 820ರ ಸುಮಾರಿಗೆ ಅದರಲ್ಲಿ ಚಿತ್ರಿಸಲಾಯಿತು. ಪ್ರಿಯ ಓದುಗರೇ, ಆ ನಕ್ಷೆಯಲ್ಲಿ ತೋಟಗಳಿಗೆ ದೊರೆತಿರುವ ಸ್ಥಾನವನ್ನು ಗಮನಿಸಿರಿ. ವೈದ್ಯರ ಮನೆಗೆ ಹೊಂದಿಕೊಂಡೇ 16 ಪಾತಿಗಳ ಔಷಧಿವನ. ಅಲ್ಲಿ ಮೆಂತೆ, ಜೀರಿಗೆ, ಸೋಂಪು, ಪುದೀನ, ಗುಲಾಬಿ. ಇನ್ನೊಂದೆಡೆ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿಗಳಿಗಾಗಿ 18 ಪಾತಿಗಳು. ಅದರ ಪಕ್ಕದ ಸಮಾಧಿಭೂಮಿಯಲ್ಲಿಯೂ ಸಮಾಧಿಗಳ ನಡುವೆ ಹಣ್ಣಿನ ಮರಗಳು!

ಇದು ಕೇವಲ ಅಂದಕ್ಕಾಗಿ ಮಾಡಿದ ಏರ್ಪಾಡಲ್ಲ. ಮಠವಾಸಿಗಳನ್ನು ಕಾಡುತ್ತಿದ್ದ ಒಂದು ವ್ಯಾಧಿಯನ್ನು ಐದನೆಯ ಶತಮಾನದಲ್ಲಿಯೇ ಜಾನ್ ಕ್ಯಾಸಿಯನ್ನರು ವಿವರವಾಗಿ ಬರೆದಿದ್ದರು. ನಡುಹಗಲಿನಲ್ಲಿ ಮನಸ್ಸನ್ನು ಕವಿಯುವ ಬೇಸರ, ಯಾವುದರಲ್ಲಿಯೂ ಆಸಕ್ತಿಯಿಲ್ಲದ ಸ್ಥಿತಿ ಅದು. ಅದಕ್ಕೆ ಅವರು ಸೂಚಿಸಿದ ಮದ್ದು ಕೈದುಡಿಮೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯಲ್ಲಿ ಪ್ರಾರ್ಥನೆ, ಪಠಣಗಳ ಜೊತೆಗೆ ದುಡಿಮೆಗೂ ವೇಳೆಯನ್ನು ಗೊತ್ತುಪಡಿಸಿದರು. ಮಠದ ಆವರಣದೊಳಗೇ ತೋಟವಿರಬೇಕೆಂದರು. ಒಂಬತ್ತನೆಯ ಶತಮಾನದ ಮಠಾಧಿಪತಿ ವಾಲಾಫ್ರಿಡ್ ಸ್ಟ್ರಾಬೋ ತಮ್ಮ ಕೈತೋಟದ ಬಗ್ಗೆ ಕಾವ್ಯವನ್ನೇ ಬರೆದು, 23 ಗಿಡಗಳನ್ನು ವರ್ಣಿಸಿದರು. ಕೈಗಳು ಜಡ್ಡುಗಟ್ಟುವುದಕ್ಕೂ, ಗೊಬ್ಬರದ ಬುಟ್ಟಿ ಹೊರುವುದಕ್ಕೂ ಅವರು ಹೇಸಲಿಲ್ಲ.

ಕಾಲ ಸರಿದಂತೆ ಈ ತಿಳಿವು ಮಾನಸಿಕ ರೋಗಿಗಳ ಬಾಳಿನಲ್ಲಿಯೂ ಬೆಳಕಾಯಿತು. ಅವರನ್ನು ಸರಪಳಿಯಲ್ಲಿ ಬಂಧಿಸಿಡುತ್ತಿದ್ದ ದಿನಗಳಲ್ಲಿ, 1796ರಲ್ಲಿ, ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ ಮತ್ತು ಅವರ ಕ್ವೇಕರ್ ಸಹೋದರರು ‘ರಿಟ್ರೀಟ್’ ಎಂಬ ಆಶ್ರಯಧಾಮವನ್ನು ತೆರೆದರು. ಅಲ್ಲಿ ರೋಗಿಗಳಿಗೆ ದೊರೆತದ್ದು ಪ್ರೀತಿಯ ನಡೆನುಡಿ, ತಿರುಗಾಡಲು ತೋಟ, ಮಾಡಲು ಕೆಲಸ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಅಮೆರಿಕದ ಸಂಶೋಧಕರು ಶಸ್ತ್ರಚಿಕಿತ್ಸೆಗೊಳಗಾಗಿದ್ದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆ ಗೋಡೆಯನ್ನೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. ಅವರಿಗೆ ತೀವ್ರವಾದ ನೋವು ನಿವಾರಕಗಳೂ ಕಡಿಮೆ ಸಾಕಾಗಿದ್ದವು.

ತೋಟವು ವೈದ್ಯರಿಗೆ ಬದಲಿಯಲ್ಲ. ಆ ಹಳೆಯ ನಕ್ಷೆಯೂ ವೈದ್ಯರ ಮನೆ, ತೋಟ ಎರಡನ್ನೂ ಅಕ್ಕಪಕ್ಕದಲ್ಲಿಯೇ ಇರಿಸಿತ್ತು. ಆದರೆ ನಮ್ಮ ಮನೆಗಳಲ್ಲಿ ಔಷಧಿಯ ಡಬ್ಬಿಗೆ ಸ್ಥಳವಿದೆ, ತುಳಸಿ-ದೊಡ್ಡಪತ್ರೆಗಳ ಕುಂಡಕ್ಕೆ ಸ್ಥಳವಿಲ್ಲ. ಅಂಗಳಕ್ಕೆಲ್ಲ ಕಾಂಕ್ರೀಟು ಸುರಿದ ಮೇಲೆ, ಮುಂಜಾನೆ ಎದ್ದು ಗಿಡಗಳಿಗೆ ನೀರುಣಿಸುತ್ತಿದ್ದ ಅಜ್ಜನಿಗೆ ಉಳಿಯುವುದು ಕುರ್ಚಿ ಮತ್ತು ಗೋಡೆ ಮಾತ್ರ. ನಾವು ಅವರಿಂದ ಕಿತ್ತುಕೊಂಡದ್ದು ಬರಿಯ ಮಣ್ಣನ್ನೇ? ನಾಳೆಗಾಗಿ ಕಾಯುವ ಕಾರಣವನ್ನೂ ಅಲ್ಲವೇ?

ಪ್ರಭು ಯೇಸುವಿನ ಸಮಾಧಿಯಿದ್ದುದು ಒಂದು ತೋಟದಲ್ಲಿ. ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳು ಆತನನ್ನು ತೋಟಗಾರನೆಂದೇ ಭಾವಿಸಿದಳು. ಸಮಾಧಿಗಳ ನಡುವೆ ಹಣ್ಣಿನ ಮರಗಳನ್ನು ಬಯಸಿದ ಆ ಮಠವಾಸಿಗಳಿಗೆ ಈ ಮರ್ಮ ತಿಳಿದಿತ್ತು. ಈ ವಾರ ಮನೆಯ ಹಿರಿಯರ ಕೈಗೆ ಒಂದು ಹಿಡಿ ಬೀಜ ಕೊಡಿರಿ; ಜೊತೆಗೆ ಅವುಗಳನ್ನು ಬಿತ್ತಲು ಒಂದಿಷ್ಟು ಮಣ್ಣನ್ನೂ.