ಕಡ್ಡಾಯ ಶಿಕ್ಷಣದ ಹೊಣೆ: ಮೈಸೂರು ಸಂಸ್ಥಾನದಿಂದ ಶಿಕ್ಷಣ ಹಕ್ಕಿನವರೆಗೆ

ಶಿಕ್ಷಣಕ್ಕೆ ಸಂಬಂಧಿಸಿದ ಶಾಸನಗಳನ್ನು ಇಲಾಖೆಯ ಕಡತಗಳಿಗೆ ಸೇರಿದ ವಿಷಯವೆಂದು ಪರಿಗಣಿಸುವುದೇ ವಾಡಿಕೆ. ಶಿಕ್ಷಕರು ಅವುಗಳನ್ನು ಸುತ್ತೋಲೆಗಳ ಮೂಲಕ ತಿಳಿಯುತ್ತಾರೆ. ಇತಿಹಾಸಕಾರರು ಶಿಕ್ಷಣ ವಿಸ್ತರಣೆಯ ಅಂಕಿ ಅಂಶಗಳ ನಡುವೆ ಅವುಗಳನ್ನು ಹೆಸರಿಸಿ ಮುಂದೆ ಸಾಗುತ್ತಾರೆ. ಆದರೆ ಒಂದು ಸಮಾಜವು ಮಗುವಿನ ಬಗೆಗೆ ಏನು ಭಾವಿಸಿತ್ತು, ಮಗು ಶಾಲೆಯಿಂದ ಹೊರಗುಳಿದರೆ ತಪ್ಪು ಯಾರದೆಂದು ತೀರ್ಮಾನಿಸಿತ್ತು ಎಂಬುದನ್ನು ಈ ಶಾಸನಗಳಷ್ಟು ಸ್ಪಷ್ಟವಾಗಿ ತಿಳಿಸುವ ಆಕರಗಳು ವಿರಳ. ಕನ್ನಡ ನಾಡಿನಲ್ಲಿ ನೂರು ವರ್ಷಗಳಿಗೂ ಮಿಕ್ಕಿ ಬಳಕೆಯಲ್ಲಿರುವ ‘ಕಡ್ಡಾಯ ಶಿಕ್ಷಣ’ ಎಂಬ ಮಾತನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಮಹತ್ವದ ಒಂದು ಪಲ್ಲಟ ಗೋಚರಿಸುತ್ತದೆ. ಪದ ಅದೇ ಉಳಿದಿದೆ. ಅದು ಯಾರನ್ನು ಕಟ್ಟಿಹಾಕುತ್ತದೆ ಎಂಬುದು ಮಾತ್ರ ಬದಲಾಗಿದೆ. ಆ ಬದಲಾವಣೆಯ ನಡುವೆ ನಿಂತಿರುವ ವ್ಯಕ್ತಿ ಶಾಲೆಯ ಶಿಕ್ಷಕ.

ಸಂಸ್ಥಾನದ ಕಾಲ

ಹತ್ತೊಂಬತ್ತನೆಯ ಶತಮಾನದ ಮೈಸೂರಿನಲ್ಲಿ ಸರ್ಕಾರಿ ಶಿಕ್ಷಣ ವ್ಯವಸ್ಥೆಯು ಒದಗಿಸುವ ವ್ಯವಸ್ಥೆಯಾಗಿತ್ತೇ ಹೊರತು ಒತ್ತಾಯಿಸುವ ವ್ಯವಸ್ಥೆಯಾಗಿರಲಿಲ್ಲ. ಶಾಸನ ಸಂಶೋಧನೆಯಿಂದ ಪ್ರಸಿದ್ಧರಾದ ಬಿ. ಎಲ್. ರೈಸ್ ಅವರು ಶಿಕ್ಷಣ ಇಲಾಖೆಯಲ್ಲಿದ್ದಾಗ 1868ರಲ್ಲಿ ರೂಪುಗೊಂಡ ಹೋಬಳಿ ಶಾಲೆಗಳ ಯೋಜನೆಯು ಶಾಲೆಯನ್ನು ಹಳ್ಳಿಯ ಸಮೀಪಕ್ಕೆ ತಂದಿತು. ಆದರೆ ಮಗುವನ್ನು ಕಳುಹಿಸುವುದೂ ಬಿಡುವುದೂ ಮನೆಯವರ ಇಚ್ಛೆಗೆ ಸೇರಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಧೋರಣೆ ಬದಲಾಗತೊಡಗಿತು. ಬರೋಡ ಸಂಸ್ಥಾನವು 1893ರಲ್ಲಿ ಅಮ್ರೇಲಿಯಲ್ಲಿ ಕಡ್ಡಾಯ ಶಿಕ್ಷಣದ ಪ್ರಯೋಗ ನಡೆಸಿ 1906ರಲ್ಲಿ ಅದನ್ನು ಸಂಸ್ಥಾನಕ್ಕೆಲ್ಲ ವಿಸ್ತರಿಸಿತ್ತು. ಗೋಪಾಲಕೃಷ್ಣ ಗೋಖಲೆಯವರು 1911ರ ಮಾರ್ಚ್‌ನಲ್ಲಿ ಸಾಮ್ರಾಜ್ಯ ಶಾಸನ ಸಭೆಯಲ್ಲಿ ಪ್ರಾಥಮಿಕ ಶಿಕ್ಷಣ ವಿಧೇಯಕವನ್ನು ಮಂಡಿಸಿದರು. ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ, ಅದೂ ಈಗಾಗಲೇ ಸಾಕಷ್ಟು ಮಕ್ಕಳು ಓದುತ್ತಿರುವ ಪ್ರದೇಶಗಳಲ್ಲಿ ಮಾತ್ರ, ಸ್ಥಳೀಯ ಸಂಸ್ಥೆಗಳು ಶಿಕ್ಷಣವನ್ನು ಕಡ್ಡಾಯಗೊಳಿಸಬಹುದೆಂಬ ಅತ್ಯಂತ ಎಚ್ಚರಿಕೆಯ ವಿಧೇಯಕ ಅದು. ಆದರೂ 1912ರ ಮಾರ್ಚ್‌ನಲ್ಲಿ 38 ಮತಗಳು ವಿರುದ್ಧವಾಗಿಯೂ 13 ಮತಗಳು ಪರವಾಗಿಯೂ ಬಿದ್ದು ಅದು ಸೋತಿತು.

ಬ್ರಿಟಿಷ್ ಭಾರತದಲ್ಲಿ ಬಿದ್ದುಹೋದ ವಿಚಾರವು ಮರುವರ್ಷವೇ ಮೈಸೂರಿನಲ್ಲಿ ಶಾಸನದ ರೂಪ ಪಡೆಯಿತು. 1911ರಲ್ಲಿ ಸ್ಥಾಪಿತವಾದ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಶಿಕ್ಷಣವನ್ನು ಆರ್ಥಿಕ ಪ್ರಗತಿಯ ಅಂಗವಾಗಿ ಚರ್ಚಿಸಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ ಹೊರಬಂದಿತು. ಆಯ್ದ ಸ್ಥಳಗಳಲ್ಲಿ, ಗಂಡುಮಕ್ಕಳಿಗೆ, ಹಂತಹಂತವಾಗಿ ಎಂಬ ಮಿತಿಗಳನ್ನು ಅದೂ ಇಟ್ಟುಕೊಂಡಿತ್ತು. ಹೆಣ್ಣುಮಕ್ಕಳು ಕಡ್ಡಾಯದ ಪರಿಧಿಯಿಂದ ಹೊರಗುಳಿದದ್ದು ಆ ಕಾಲದ ಸಾಮಾಜಿಕ ಅಂಜಿಕೆಯ ಗುರುತಾಗಿದೆ.

ಮುಂದಿನ ದಶಕಗಳಲ್ಲಿ ಚರ್ಚೆಯು ಆಡಳಿತದ ಹೊಣೆಯತ್ತ ತಿರುಗಿತು. ಪ್ರಾಥಮಿಕ ಶಾಲೆಗಳ ನಿರ್ವಹಣೆಯನ್ನು 1930ರ ಶಾಸನವು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದರೆ, 1941ರ ಶಾಸನವು ಅದನ್ನು ಮತ್ತೆ ಸರ್ಕಾರದ ಕೈಗೆ ತಂದಿತು. ಶಿಕ್ಷಕರ ವೇತನ ಕೊಡುವವರು ಯಾರು, ವರ್ಗಾವಣೆ ಮಾಡುವವರು ಯಾರು ಎಂಬ ಪ್ರಶ್ನೆಗಳಿಗೆ ಹನ್ನೊಂದು ವರ್ಷಗಳ ಅಂತರದಲ್ಲಿ ಎರಡು ಭಿನ್ನ ಉತ್ತರಗಳು ದೊರೆತವು.

ಏಕೀಕರಣ ಮತ್ತು 1961ರ ಅಧಿನಿಯಮ

1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಉದಯಿಸಿದಾಗ ಅದರೊಳಗೆ ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು ಮತ್ತು ಕೊಡಗು ಎಂಬ ಐದು ಆಡಳಿತಗಳ ಶಾಸನ ಪರಂಪರೆಗಳು ಒಟ್ಟುಗೂಡಿದವು. ಧಾರವಾಡದ ಶಾಲೆ ಮುಂಬಯಿಯ ಕಾನೂನಿನಡಿ, ಕಲಬುರಗಿಯ ಶಾಲೆ ಹೈದರಾಬಾದಿನ ಕಾನೂನಿನಡಿ, ಮಂಗಳೂರಿನ ಶಾಲೆ ಮದರಾಸಿನ ಕಾನೂನಿನಡಿ ನಡೆದು ಬಂದಿದ್ದವು. ಭಾಷೆಯಿಂದ ಒಂದಾದ ನಾಡು ಶಿಕ್ಷಣದಲ್ಲಿ ಒಂದಾಗಲು ಏಕರೂಪದ ಶಾಸನ ಬೇಕಾಗಿತ್ತು. 1961ರ ಮೈಸೂರು ಕಡ್ಡಾಯ ಪ್ರಾಥಮಿಕ ಶಿಕ್ಷಣ ಅಧಿನಿಯಮವು ಈ ಅಗತ್ಯವನ್ನು ಪೂರೈಸಿತು.

ಸಂವಿಧಾನದ 45ನೆಯ ಅನುಚ್ಛೇದವು ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ನೀಡಲು ರಾಜ್ಯಕ್ಕೆ ಹತ್ತು ವರ್ಷಗಳ ಅವಧಿಯನ್ನು ಸೂಚಿಸಿತ್ತು. 1961ರ ವೇಳೆಗೆ ಆ ಅವಧಿ ಮುಗಿದಿತ್ತು. ನಿರ್ದೇಶಕ ತತ್ತ್ವವಾದುದರಿಂದ ಅದನ್ನು ಜಾರಿಗೊಳಿಸಬೇಕೆಂದು ಪಾಲಕರು ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ಆದರೆ ಕಡ್ಡಾಯ ಶಿಕ್ಷಣದ ಶಾಸನದಡಿ ಪಾಲಕರನ್ನು ಪ್ರಶ್ನಿಸಲು ಅವಕಾಶವಿತ್ತು. ಮಗುವನ್ನು ಶಾಲೆಗೆ ಕಳುಹಿಸುವುದು ಪಾಲಕರ ಕರ್ತವ್ಯ. ಸಕಾರಣವಿಲ್ಲದೆ ಕಳುಹಿಸದಿದ್ದರೆ ಹಾಜರಾತಿ ಪ್ರಾಧಿಕಾರದ ಆದೇಶ. ಆದೇಶ ಮೀರಿದರೆ ದಂಡ ಎಂಬುದು ಇಂಥ ಶಾಸನಗಳ ಕ್ರಮ. ಒದಗಿಸಬೇಕಾದ ಸರ್ಕಾರಕ್ಕೆ ನೈತಿಕ ಹೊಣೆ, ಕಳುಹಿಸಬೇಕಾದ ಬಡವನಿಗೆ ಕಾನೂನಿನ ಹೊಣೆ. ಈ ಅಸಮತೋಲನವೇ ಆ ಕಾಲದ ಕಡ್ಡಾಯದ ತಿರುಳು.

ಈ ವ್ಯವಸ್ಥೆಯಲ್ಲಿ ಶಿಕ್ಷಕನ ಪಾತ್ರ ಇಕ್ಕಟ್ಟಿನದಾಗಿತ್ತು. ಮನೆಮನೆಗೆ ಹೋಗಿ ಮಕ್ಕಳ ಗಣತಿ ಮಾಡಬೇಕಾದವನು, ದಾಖಲಾತಿಗೆ ಮನವೊಲಿಸಬೇಕಾದವನು ಅವನೇ. ಅವನ ಹಾಜರಿ ಪುಸ್ತಕವೇ ದಂಡಕ್ಕೆ ಆಧಾರವಾಗಬಹುದಾಗಿತ್ತು. ಸುಗ್ಗಿಯ ಕಾಲದಲ್ಲಿ ಹೊಲಕ್ಕೆ ಹೋದ ಮಗುವಿನ ತಂದೆಯನ್ನು ಅಪರಾಧಿಯೆಂದು ತೋರಿಸುವ ಕೆಲಸಕ್ಕೆ ಹಳ್ಳಿಯಲ್ಲಿ ವಾಸಿಸುವ ಶಿಕ್ಷಕ ಮನಸ್ಸು ಮಾಡುವುದು ಸುಲಭವಲ್ಲ. ಶಾಸನದ ದಂಡನೆಯ ಭಾಗ ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು.

ಶಿಕ್ಷಕನ ಸೇವಾ ರಕ್ಷಣೆ

ಮಗುವನ್ನು ಶಾಲೆಯಲ್ಲಿ ಉಳಿಸಬೇಕಾದ ಶಿಕ್ಷಕನೇ ಶಾಲೆಯಲ್ಲಿ ಉಳಿಯುವ ಭರವಸೆ ಇಲ್ಲದಿದ್ದರೆ ಹೇಗೆ ಎಂಬ ಪ್ರಶ್ನೆ 1970ರ ದಶಕದಲ್ಲಿ ಮುನ್ನೆಲೆಗೆ ಬಂದಿತು. ಸರ್ಕಾರಿ ಶಿಕ್ಷಕರಿಗೆ ಸಂವಿಧಾನದ 311ನೆಯ ಅನುಚ್ಛೇದದ ರಕ್ಷಣೆ ಇತ್ತು. ಖಾಸಗಿ ಶಾಲೆಯ ಶಿಕ್ಷಕರು ಆಡಳಿತ ಮಂಡಳಿಯ ಕೃಪೆಯನ್ನು ಅವಲಂಬಿಸಬೇಕಾಗಿತ್ತು. 1975ರ ಕರ್ನಾಟಕ ಖಾಸಗಿ ಶಿಕ್ಷಣ ಸಂಸ್ಥೆಗಳ (ಶಿಸ್ತು ಮತ್ತು ನಿಯಂತ್ರಣ) ಅಧಿನಿಯಮವು ಈ ಕೊರತೆಯನ್ನು ತುಂಬಲು ಮಾಡಿದ ಮೊದಲ ದೊಡ್ಡ ಯತ್ನ. 1983ರಲ್ಲಿ ರೂಪುಗೊಂಡು 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಅಧಿನಿಯಮವು ಅದರ ಸಾರವನ್ನು ಉಳಿಸಿಕೊಂಡಿತು. ಅದರ 92ನೆಯ ಪ್ರಕರಣದ ಪ್ರಕಾರ ವಿಚಾರಣೆ ನಡೆಸದೆ, ಆರೋಪಗಳನ್ನು ತಿಳಿಸದೆ ನೌಕರನನ್ನು ವಜಾ ಮಾಡುವಂತಿಲ್ಲ. ಅಂಥ ಆದೇಶದ ವಿರುದ್ಧ 94ನೆಯ ಪ್ರಕರಣದಡಿ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಅಧಿನಿಯಮವು ಎಲ್ಲ ಬಗೆಯ ಸಂಸ್ಥೆಗಳಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಆದುದರಿಂದ ತಮ್ಮ ಸಂಸ್ಥೆ ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ಶಿಕ್ಷಕರು ತಿಳಿದಿರುವುದು ಅವಶ್ಯ.

ಈ ನ್ಯಾಯಾಧಿಕರಣದ ಮಹತ್ವ ಅರಿವಾಗಬೇಕಾದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಶಿಕ್ಷಕರು ಕೈಗಾರಿಕಾ ವಿವಾದ ಅಧಿನಿಯಮದ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ಸುಂದರಾಂಬಾಳ್ ಪ್ರಕರಣದಲ್ಲಿ ಹೇಳಿತು. ಉಪದಾನದ ವಿಷಯದಲ್ಲಿಯೂ 2004ರಲ್ಲಿ ಅಂಥದೇ ತೀರ್ಪು ಬಂದಿತು. ಸಂಸತ್ತು 2009ರಲ್ಲಿ ಕಾನೂನನ್ನು ತಿದ್ದಿ 1997ರ ಏಪ್ರಿಲ್ 3ರಿಂದಲೇ ಶಿಕ್ಷಕರನ್ನು ಅದರ ವ್ಯಾಪ್ತಿಗೆ ತಂದಿತು. ಆ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಎತ್ತಿಹಿಡಿಯಿತು. ಶಾಸನದ ಅರಿವಿಲ್ಲದ ಕಾರಣ ನಿವೃತ್ತಿಯ ವೇಳೆ ತನ್ನ ಪಾಲನ್ನು ಕೇಳದೆ ಹೋದರೆ ನಷ್ಟ ಅನುಭವಿಸುವವನು ಶಿಕ್ಷಕನೇ.

ಕಡ್ಡಾಯದಿಂದ ಹಕ್ಕಿಗೆ

ಪಾಲಕರ ಮೇಲಿದ್ದ ಕಡ್ಡಾಯವನ್ನು ರಾಜ್ಯದ ಮೇಲೆ ತಿರುಗಿಸಿದ ನ್ಯಾಯಾಂಗದ ಪ್ರಕ್ರಿಯೆ ಕರ್ನಾಟಕದ ಪ್ರಕರಣವೊಂದರಿಂದಲೇ ಆರಂಭವಾದುದು ಗಮನಾರ್ಹ. ಅದು ಪ್ರಾಥಮಿಕ ಶಾಲೆಯದಲ್ಲ, ವೈದ್ಯಕೀಯ ಕಾಲೇಜಿನದು. 1989ರ ರಾಜ್ಯ ಸರ್ಕಾರದ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಶುಲ್ಕವಿದ್ದರೆ, ಹೊರರಾಜ್ಯದವರಿಗೆ 60,000 ರೂಪಾಯಿವರೆಗೂ ವಿಧಿಸಬಹುದಾಗಿತ್ತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣ ಮೂಲಭೂತ ಹಕ್ಕೆಂದು ಸಾರಿತು. 1993ರ ಉನ್ನಿಕೃಷ್ಣನ್ ಪ್ರಕರಣವು ಅದನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿ ದೃಢಪಡಿಸಿತು. 2002ರ 86ನೆಯ ತಿದ್ದುಪಡಿ 21ಎ ಅನುಚ್ಛೇದವನ್ನು ಸೇರಿಸಿತು. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 42ನೆಯ ತಿದ್ದುಪಡಿಯಿಂದ ಶಿಕ್ಷಣವು ಸಮವರ್ತಿ ಪಟ್ಟಿಗೆ ಸೇರಿದ್ದುದರಿಂದ ಸಂಸತ್ತಿನ ಈ ಶಾಸನವು ರಾಜ್ಯಗಳನ್ನೂ ಬಂಧಿಸಿತು.

ಈ ಅಧಿನಿಯಮದ 8ನೆಯ ಪ್ರಕರಣದಲ್ಲಿರುವ ವಿವರಣೆ ಶತಮಾನದ ಚರ್ಚೆಗೆ ಕೊಟ್ಟ ಉತ್ತರದಂತಿದೆ. ಅದರಂತೆ ಕಡ್ಡಾಯ ಶಿಕ್ಷಣವೆಂದರೆ ಪ್ರತಿ ಮಗುವಿನ ದಾಖಲಾತಿ, ಹಾಜರಾತಿ ಮತ್ತು ಶಿಕ್ಷಣದ ಪೂರ್ಣತೆಯನ್ನು ಖಚಿತಪಡಿಸಬೇಕಾದ ಸರ್ಕಾರದ ಬಾಧ್ಯತೆ. ಪಾಲಕರ ಕರ್ತವ್ಯ ಅಳಿದಿಲ್ಲ. 10ನೆಯ ಪ್ರಕರಣದಲ್ಲಿಯೂ ಸಂವಿಧಾನದ 51ಎ ಅನುಚ್ಛೇದದಲ್ಲಿಯೂ ಅದು ಉಳಿದಿದೆ. ಆದರೆ ಈ ಅಧಿನಿಯಮದಲ್ಲಿ ಅವರಿಗೆ ದಂಡನೆಯಿಲ್ಲ. ದಂಡದ ದಿಕ್ಕೇ ಬದಲಾಗಿದೆ. ವಂತಿಗೆ ಪಡೆದ ಶಾಲೆಗೆ ಅದರ ಹತ್ತು ಪಟ್ಟಿನವರೆಗೆ ದಂಡ. ಮಗುವನ್ನೋ ಪಾಲಕರನ್ನೋ ಪರೀಕ್ಷೆಗೆ ಒಳಪಡಿಸಿ ಪ್ರವೇಶ ನೀಡಿದರೆ ಮೊದಲ ಬಾರಿಗೆ 25,000 ರೂಪಾಯಿವರೆಗೆ ದಂಡ. ವರ್ಗಾವಣೆ ಪತ್ರ ಕೊಡಲು ತಡಮಾಡಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತುಕ್ರಮ.

ಶಿಕ್ಷಕರ ಹೊಣೆಯೂ ಇಲ್ಲಿ ಹೊಸ ರೂಪ ಪಡೆಯಿತು. 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಸಮಯಪಾಲನೆ, ಪಠ್ಯಕ್ರಮದ ಪೂರ್ಣತೆ, ಪ್ರತಿ ಮಗುವಿನ ಕಲಿಕೆಯ ಮಾಪನ, ಪಾಲಕರೊಂದಿಗೆ ಸಭೆ ಇವೆಲ್ಲ 24ನೆಯ ಪ್ರಕರಣದಲ್ಲಿ ಕರ್ತವ್ಯಗಳಾಗಿ ದಾಖಲಾಗಿವೆ. 28ನೆಯ ಪ್ರಕರಣವು ಖಾಸಗಿ ಪಾಠವನ್ನು ತಡೆಯುತ್ತದೆ. ಅದೇ ಅಧಿನಿಯಮವು ಶಿಕ್ಷಕರಿಗೆ ರಕ್ಷಣೆಯನ್ನೂ ನೀಡುತ್ತದೆ. ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕಾರ್ಯಗಳನ್ನು ಬಿಟ್ಟು ಶಿಕ್ಷಣೇತರ ಕೆಲಸಕ್ಕೆ ಅವರನ್ನು ನಿಯೋಜಿಸುವಂತಿಲ್ಲವೆಂದು 27ನೆಯ ಪ್ರಕರಣ ಹೇಳುತ್ತದೆ. ಕರ್ತವ್ಯಲೋಪದ ಕ್ರಮಕ್ಕೆ ಮುನ್ನ ಅವರ ಅಹವಾಲು ಕೇಳಬೇಕು. ಕರ್ತವ್ಯದ ಪ್ರಕರಣಗಳನ್ನು ತಿಳಿಸುವ ಸುತ್ತೋಲೆಗಳು ಶಾಲೆಗೆ ಬರುತ್ತವೆ. ರಕ್ಷಣೆಯ ಪ್ರಕರಣಗಳನ್ನು ಶಿಕ್ಷಕರು ತಾವೇ ಓದಿ ತಿಳಿಯಬೇಕಾಗುತ್ತದೆ.

ಕಡ್ಡಾಯದ ಮಿತಿಗಳು

ರಾಜ್ಯದ ಬಾಧ್ಯತೆ ಹೆಚ್ಚಿದಂತೆ ರಾಜ್ಯದ ಅಧಿಕಾರವೂ ಹೆಚ್ಚಿತೆಂದು ಭಾವಿಸುವಂತಿಲ್ಲ. 1994ರ ಏಪ್ರಿಲ್‌ನ ಸರ್ಕಾರಿ ಆದೇಶವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿಯೇ ಬೋಧನೆ ನಡೆಯಬೇಕೆಂದಿತ್ತು. 2008ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಪೂರ್ಣಪೀಠವು ಅನುದಾನರಹಿತ ಶಾಲೆಗಳ ಮಟ್ಟಿಗೆ ಅದನ್ನು ಒಪ್ಪಲಿಲ್ಲ. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಮಾತೃಭಾಷಾ ಮಾಧ್ಯಮವನ್ನು ರಾಜ್ಯವು ಬಲವಂತವಾಗಿ ಹೇರಲಾಗದೆಂದು ತೀರ್ಮಾನಿಸಿತು. ಅದೇ ದಿನ ಅದೇ ಪೀಠವು ಪ್ರಮತಿ ಪ್ರಕರಣದಲ್ಲಿ 21ಎ ಅನುಚ್ಛೇದವನ್ನು ಎತ್ತಿಹಿಡಿಯಿತಾದರೂ ಅಲ್ಪಸಂಖ್ಯಾತ ಶಾಲೆಗಳನ್ನು 2009ರ ಅಧಿನಿಯಮದಿಂದ ಹೊರಗಿಟ್ಟಿತು. ಹೀಗೆ ಶಾಲೆಯನ್ನು ಒದಗಿಸಲು ರಾಜ್ಯ ಬದ್ಧ. ಆದರೆ ಮಾಧ್ಯಮದ ಆಯ್ಕೆಯಲ್ಲಿ ಪಾಲಕರಿಗೆ ಸ್ವಾತಂತ್ರ್ಯ. ಕನ್ನಡ ಶಾಲೆ ಉಳಿಯಬೇಕಾದರೆ ಅದು ಆಜ್ಞೆಯಿಂದಲ್ಲ, ಬೋಧನೆಯ ಗುಣದಿಂದ ಪಾಲಕರ ವಿಶ್ವಾಸ ಗಳಿಸಿ ಉಳಿಯಬೇಕೆಂಬ ಕಠಿಣ ಸತ್ಯವನ್ನು ಈ ತೀರ್ಪು ಶಿಕ್ಷಕರ ಮುಂದಿಟ್ಟಿತು.

ಹಕ್ಕನ್ನು ಕುಗ್ಗಿಸುವ ತಿದ್ದುಪಡಿಗಳೂ ಬಂದಿವೆ. ಖಾಸಗಿ ಶಾಲೆಗಳ ಶೇ. 25ರ ಮೀಸಲು ಪ್ರವೇಶವನ್ನು, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವೆಡೆ ಅನ್ವಯವಾಗದಂತೆ ರಾಜ್ಯವು 2019ರಲ್ಲಿ ತನ್ನ ನಿಯಮಗಳನ್ನು ತಿದ್ದಿತು. ಅದೇ ವರ್ಷ ಕೇಂದ್ರದ ತಿದ್ದುಪಡಿಯೊಂದು ಐದು ಮತ್ತು ಎಂಟನೆಯ ತರಗತಿಗಳಲ್ಲಿ ಅನುತ್ತೀರ್ಣರಾದ ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು. ಆದರೂ ಪ್ರಾರಂಭಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ.

ನೀತಿ ಮತ್ತು ಶಾಸನಗಳ ವ್ಯತ್ಯಾಸವನ್ನೂ ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. 1968, 1986 ಮತ್ತು 2020ರ ರಾಷ್ಟ್ರೀಯ ಶಿಕ್ಷಣ ನೀತಿಗಳು ಆಶಯಗಳ ದಾಖಲೆಗಳು. ಸರ್ಕಾರ ಬದಲಾದಾಗ ಅವೂ ಬದಲಾಗಬಹುದು. 2020ರ ನೀತಿಯನ್ನು ಪದವಿ ಶಿಕ್ಷಣದಲ್ಲಿ ಮೊದಲಿಗೆ ಅಳವಡಿಸಿಕೊಂಡ ಕರ್ನಾಟಕವೇ ಅದನ್ನು ಕೈಬಿಟ್ಟು 2023ರಲ್ಲಿ ರಾಜ್ಯ ಶಿಕ್ಷಣ ನೀತಿಗಾಗಿ ಆಯೋಗವನ್ನು ರಚಿಸಿದ್ದು ಇದಕ್ಕೆ ನಿದರ್ಶನ. ಶಾಸನವಾದರೋ ತಿದ್ದುಪಡಿಯಾಗುವವರೆಗೆ ಎಲ್ಲರನ್ನೂ ಬಂಧಿಸುತ್ತದೆ. ಯಾವ ಆದೇಶ ನೀತಿಯಿಂದ ಬಂದಿದೆ, ಯಾವುದು ಶಾಸನದಿಂದ ಬಂದಿದೆ ಎಂದು ವಿವೇಚಿಸಬಲ್ಲ ಶಿಕ್ಷಕನು ಅಧಿಕಾರದ ಮುಂದೆ ದೃಢವಾಗಿ ನಿಲ್ಲಬಲ್ಲನು.

ಉಪಸಂಹಾರ

1913ರಿಂದ 2009ರವರೆಗಿನ ಪಯಣವನ್ನು ಕೇವಲ ಶಾಸನಗಳ ಅನುಕ್ರಮವೆಂದು ನೋಡಿದರೆ ಅದರ ಮರ್ಮ ತಪ್ಪಿಹೋಗುತ್ತದೆ. ಅದು ಹೊಣೆಯ ವರ್ಗಾವಣೆಯ ಚರಿತ್ರೆ. ಹಳೆಯ ಶಾಸನದ ದೃಷ್ಟಿಯಲ್ಲಿ ಗೈರುಹಾಜರಾದ ಮಗು ಪಾಲಕರ ತಪ್ಪಿಗೆ ಸಾಕ್ಷಿ. ಹೊಸ ಶಾಸನದ ದೃಷ್ಟಿಯಲ್ಲಿ ಅದೇ ಮಗು ರಾಜ್ಯದ ಲೋಪಕ್ಕೆ ಸಾಕ್ಷಿ. ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡು ಸರ್ಕಾರದಿಂದ ಉತ್ತರ ಕೇಳಿದ್ದು ಈ ಹೊಸ ದೃಷ್ಟಿಯ ಫಲ.

ಇಂದು ಮಗುವೊಂದು ಸತತವಾಗಿ ಶಾಲೆಗೆ ಬಾರದಿದ್ದಾಗ ಶಿಕ್ಷಕನು ಅದನ್ನು ಯಥಾವತ್ತಾಗಿ ದಾಖಲಿಸುವುದು ಬಡ ತಂದೆಯ ಮೇಲೆ ದೂರು ಸಲ್ಲಿಸಿದಂತಲ್ಲ. ಸರ್ಕಾರಕ್ಕೆ ಅದರ ಬಾಧ್ಯತೆಯನ್ನು ನೆನಪಿಸಿದಂತೆ. ಸಂಖ್ಯೆ ಚೆನ್ನಾಗಿ ಕಾಣಲೆಂದು ಇಲ್ಲದ ಹಾಜರಾತಿಯನ್ನು ತೋರಿಸಿದರೆ ಆ ಮಗುವಿನ ಹಕ್ಕನ್ನು ಕೇಳುವ ದಾರಿಯೇ ಮುಚ್ಚಿಹೋಗುತ್ತದೆ. ಶಿಕ್ಷಕರು ಶಾಸನಗಳನ್ನು ತಿಳಿಯಬೇಕೆನ್ನುವುದು ತಮ್ಮ ರಕ್ಷಣೆಗಾಗಿ ಮಾತ್ರವಲ್ಲ. ಪಾಲಕರಿಗೆ ತಿಳಿಯದ, ಮಗುವಿಗೆ ಹೇಳಲಾಗದ ಹಕ್ಕೊಂದು ಹಳ್ಳಿಯ ಶಾಲೆಯಲ್ಲಿ ಜೀವಂತವಾಗಿರಲು ಅದನ್ನು ಬಲ್ಲ ಒಬ್ಬರಾದರೂ ಅಲ್ಲಿರಬೇಕು.