ಕಾಂಪೌಂಡಿನ ಹೊರಗೆ ನಿಂತ ಚಾಂಪಿಯನ್

ಕಾಂಪೌಂಡ್ ಅಂದ್ರೆ ನಮಗೆ ಗೊತ್ತಿರೋದು ಮನೆ ಸುತ್ತಲಿನ ಗೋಡೆ. ಬಿಲ್ಲುಗಾರಿಕೆಯಲ್ಲೂ ಒಂದು ಕಾಂಪೌಂಡ್ ಇದೆ. ಆ ಬಿಲ್ಲು ಹಿಡಿದವರು ದಶಕಗಳ ಕಾಲ ಒಲಿಂಪಿಕ್ಸ್‌ನ ಗೋಡೆಯ ಆಚೆಗೇ ನಿಂತಿದ್ದರು. ಅಂಥವರಲ್ಲಿ ಒಬ್ಬರು ಇಟಲಿಯ ಸರ್ಜಿಯೊ ಪಾಗ್ನಿ.

ಮೊದಲು ಬಿಲ್ಲಿನ ಕಥೆ ಕೇಳಿ. 1966ರಲ್ಲಿ ಅಮೆರಿಕದ ಮಿಸ್ಸೌರಿಯ ಹಾಲೆಸ್ ಅಲೆನ್ ಎಂಬಾತ ಬಿಲ್ಲಿನ ಎರಡೂ ತುದಿಗೆ ರಾಟೆ ಕಟ್ಟಿದ. 1969ರಲ್ಲಿ ಪೇಟೆಂಟ್ ಸಿಕ್ಕಿತು. ಹಗ್ಗವನ್ನು ಪೂರ್ತಿ ಎಳೆದಾಗ ಭಾರ ಬಹುಪಾಲು ಇಳಿದುಬಿಡುತ್ತದೆ. ಕೈ ನಡುಗದೆ ಗುರಿ ಹಿಡಿಯಬಹುದು. ಹಾಗಾದ್ರೆ ಸುಲಭ ಅಂತೀರಾ? 50 ಮೀಟರ್ ದೂರ, ಹತ್ತು ಅಂಕದ ವೃತ್ತ ಬರೀ 8 ಸೆಂಟಿಮೀಟರ್. ಇಲ್ಲಿ ಒಂದು ಒಂಬತ್ತು ಬಿದ್ದರೂ ಪದಕ ಕೈಬಿಟ್ಟು ಹೋಗಬಹುದು.

1972ರ ಮ್ಯೂನಿಕ್‌ನಲ್ಲಿ ಬಿಲ್ಲುಗಾರಿಕೆ ಒಲಿಂಪಿಕ್ಸ್‌ಗೆ ಮರಳಿತು. ಆದರೆ ಅಲ್ಲಿ ನಡೆದದ್ದು ರಿಕರ್ವ್ ಬಿಲ್ಲು ಮಾತ್ರ. ಕಾಂಪೌಂಡ್ 1995ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂತು, ಒಲಿಂಪಿಕ್ಸ್‌ಗೆ ಬರಲಿಲ್ಲ. ಪಾಗ್ನಿ 2009 ಮತ್ತು 2010ರಲ್ಲಿ ಸತತವಾಗಿ ವಿಶ್ವಕಪ್ ಫೈನಲ್ ಗೆದ್ದರು. ಬೇರೆ ಆಟದಲ್ಲಾಗಿದ್ದರೆ ಮುಂದಿನ ಪ್ರಶ್ನೆ ಒಲಿಂಪಿಕ್ಸ್‌ದೇ ಆಗಿರುತ್ತಿತ್ತು. ಅವರಿಗೆ ಆ ಪ್ರಶ್ನೆಯೇ ಇರಲಿಲ್ಲ!

ಈಗ ನಮ್ಮ ಕಡೆ ಬನ್ನಿ. 2021ರಲ್ಲಿ ಅಮೆರಿಕದ ಯಾಂಕ್ಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಮೂರು ಬೆಳ್ಳಿ. ಮೂರೂ ಕಾಂಪೌಂಡ್‌ನಲ್ಲೇ, ಮೂರೂ ಫೈನಲ್‌ನಲ್ಲಿ ಕೊಲಂಬಿಯಾ ಎದುರು ಸೋಲು. ಜ್ಯೋತಿ ಸುರೇಖಾ ಮೂರರಲ್ಲೂ ಇದ್ದರು. ಬಾಗಿಲ ತನಕ ಹೋಗಿ ವಾಪಸ್ ಬರೋದೇ ಆಗಿತ್ತು. 2022ರಲ್ಲಿ ಪಾಗ್ನಿ ನಮ್ಮ ಕಾಂಪೌಂಡ್ ತಂಡದ ಕೋಚ್ ಆದರು.

2023ರ ಆಗಸ್ಟ್, ಬರ್ಲಿನ್. ಜ್ಯೋತಿ, ಪರ್ಣೀತ್ ಕೌರ್, ಅದಿತಿ ಸ್ವಾಮಿ ಮೆಕ್ಸಿಕೋವನ್ನು 235-229ರಿಂದ ಸೋಲಿಸಿದರು. ಬಿಲ್ಲುಗಾರಿಕೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಮೊಟ್ಟಮೊದಲ ಚಿನ್ನ ಅದು. ಮರುದಿನ ಹದಿನೇಳರ ಅದಿತಿ ವಿಶ್ವ ಚಾಂಪಿಯನ್. ಓಜಸ್ ದೇವತಳೆ ಹದಿನೈದಕ್ಕೆ ಹದಿನೈದೂ ಬಾಣ ಹತ್ತಕ್ಕೆ ಹೊಡೆದು 150-149ರಿಂದ ಗೆದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್‌ನ ಐದಕ್ಕೆ ಐದೂ ಚಿನ್ನ ನಮ್ಮದು.

ಎಲ್ಲವೂ ಪಾಗ್ನಿಯದೇ ಅಂದ್ರೆ ಅನ್ಯಾಯ ಆಗುತ್ತೆ. ಅದಿತಿ, ಓಜಸ್ ತಯಾರಾದದ್ದು ಮಹಾರಾಷ್ಟ್ರದ ಸಾತಾರಾದ ಅಕಾಡೆಮಿಯಲ್ಲಿ. ಜ್ಯೋತಿಯ ಹಿಂದೆ ವಿಜಯವಾಡದಲ್ಲಿ ಸವೆಸಿದ ವರ್ಷಗಳಿವೆ. ಬಾಣ ಬಿಡೋದು ಅವರಿಗೆ ಗೊತ್ತಿತ್ತು. ಆದರೆ ಫೈನಲ್‌ನ ಕೊನೆಯ ಬಾಣದ ಹೊತ್ತಿಗೆ ಎದೆ ಹೇಗೆ ಹೊಡೆದುಕೊಳ್ಳುತ್ತೆ ಅನ್ನೋದನ್ನ ಅನುಭವಿಸಿದ ಮನುಷ್ಯ ಬೆನ್ನ ಹಿಂದೆ ನಿಂತಿದ್ದರೆ, ಆ ಧೈರ್ಯವೇ ಬೇರೆ.

2025ರ ಏಪ್ರಿಲ್‌ನಲ್ಲಿ ಕೊನೆಗೂ ಗೇಟು ತೆರೆಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆ ಇರುತ್ತೆ. ಒಂದೇ ಒಂದು ವಿಭಾಗ, ಒಬ್ಬ ಪುರುಷ, ಒಬ್ಬ ಮಹಿಳೆ.

ಇನ್ನು ಕ್ಯಾಮೆರಾಗಳು ಬರುತ್ತವೆ, ನಮ್ಮವೂ ಸೇರಿದಂತೆ. ಬಹುಮಾನದ ಘೋಷಣೆಗಳೂ ಬರುತ್ತವೆ. ಯಾರೂ ನೋಡದ ಕಾಲದಲ್ಲಿ ಬಿಲ್ಲು ಹಿಡಿದವರು ಉಳಿಸಿಕೊಟ್ಟ ಆಟ ಇದು. ಗೇಟು ತೆರೆದ ಮೇಲೆ ಒಳಗೆ ಹೋದವರಿಗೆ ಚಪ್ಪಾಳೆ ಹೊಡೆಯೋಣ. ಆದರೆ ಗೇಟು ಮುಚ್ಚಿದ್ದಾಗ ಅಭ್ಯಾಸ ಬಿಡದವರನ್ನು ಮರೆಯೋದು ಬೇಡ.