ದಿನವಿಡೀ ಮಾಸ್ಕ್ ಹಾಕಿದ್ರೆ ಬಾಯಿ ಒಣಗುತ್ತಾ? ಕಾರಣ ಏನು, ಪರಿಹಾರ ಏನು, ಇಲ್ಲಿದೆ ಮಾಹಿತಿ

ಬ್ಯಾಡಗಿ: ಮೆಣಸಿನಕಾಯಿ ಸೀಸನ್ ಶುರುವಾದ್ರೆ ಮಾರುಕಟ್ಟೆ ಪ್ರಾಂಗಣದಲ್ಲಿ ಬರಿ ಮುಖದಲ್ಲಿ ನಿಲ್ಲೋದು ಕಷ್ಟ. ಘಾಟು ಮೂಗಿಗೆ ಬಡಿದ ಕೂಡಲೇ ಸೀನು, ಹಿಂದೆಯೇ ಕೆಮ್ಮು. ಹಮಾಲರು, ತೊಟ್ಟು ಬಿಡಿಸುವ ಹೆಣ್ಮಕ್ಕಳು, ದಲಾಲಿ ಅಂಗಡಿಯ ಗುಮಾಸ್ತರು ಟವೆಲ್, ಸೆರಗು ಇಲ್ಲವೇ ಮಾಸ್ಕ್ ಕಟ್ಟಿಕೊಂಡೇ ಕೆಲಸ ಮಾಡ್ತಾರೆ. ಔಷಧ ಅಂಗಡಿ, ಹಿಟ್ಟಿನ ಗಿರಣಿ, ಸಿಮೆಂಟ್ ಅಂಗಡಿಯವರದ್ದೂ ಇದೇ ಕಥೆ.

ಕೊರೊನಾ ಕಾಲದಲ್ಲಿ ಈ ಅಭ್ಯಾಸ ಎಲ್ಲರಿಗೂ ಬಂತು. 2020ರ ಅಕ್ಟೋಬರ್‌ನಲ್ಲಿ ಮಾಸ್ಕ್ ಇಲ್ಲದವರಿಗೆ ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ 250 ರೂ., ಉಳಿದ ಕಡೆ 100 ರೂ. ದಂಡ ಇತ್ತು. ಈಗ ದಂಡ ಇಲ್ಲ, ಆದರೆ ದೂಳಿನಲ್ಲಿ ದುಡಿಯೋರಿಗೆ ಮಾಸ್ಕ್ ಬಿಟ್ಟರೆ ಗತಿ ಇಲ್ಲ. ಆಗಿನಿಂದ ಈಗಿನವರೆಗೂ ಕೇಳಿಬರುವ ದೂರು ಒಂದೇ: ಸಂಜೆ ಆಗೋದ್ರೊಳಗೆ ಬಾಯಿ ಒಣಗಿ ನಾಲಿಗೆ ಅಂಗಳಕ್ಕೆ ಅಂಟುತ್ತೆ.

ಬಾಯಿ ಯಾಕೆ ಒಣಗುತ್ತೆ?

ಮಾಸ್ಕ್ ಬಟ್ಟೆ ಬಾಯಿಯ ನೀರನ್ನು ಹೀರೋದಿಲ್ಲ. ನಿಜ ಹೇಳಬೇಕಂದ್ರೆ ಮಾಸ್ಕ್ ಒಳಗಿನ ಗಾಳಿ ಹೊರಗಿಗಿಂತ ಹಸಿಯಾಗಿಯೇ ಇರುತ್ತೆ. ತೊಂದರೆ ಬರೋದು ಮಾಸ್ಕ್ ಹಾಕಿದ ಮೇಲೆ ನಾವು ಬದಲಿಸಿಕೊಳ್ಳುವ ಅಭ್ಯಾಸದಿಂದ.

ಮೊದಲನೆಯದು ಉಸಿರು. ಉಸಿರು ಕಟ್ಟಿದಂಗೆ ಅನ್ನಿಸಿ ಹಲವರು ಗೊತ್ತಿಲ್ಲದೇ ಬಾಯಲ್ಲಿ ಉಸಿರಾಡಲು ಶುರು ಮಾಡ್ತಾರೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ ಒಳಗೆ ಬಿಡುತ್ತೆ. ಬಾಯಲ್ಲಿ ಎಳೆದ ಗಾಳಿ ನಾಲಿಗೆ ಮೇಲಿನ ಜೊಲ್ಲನ್ನು ಒಣಗಿಸುತ್ತೆ. ಘಾಟಿಗೆ ಮೂಗು ಕಟ್ಟಿದ್ದರಂತೂ ಬೇರೆ ದಾರಿಯೇ ಇರಲ್ಲ.

ಎರಡನೆಯದು ನೀರು. ಮಾಸ್ಕ್ ಬಿಚ್ಚಬೇಕು, ಕೈ ತೊಳೀಬೇಕು ಅನ್ನೋ ಬೇಸರಕ್ಕೆ ನೀರು ಕುಡಿಯೋದೇ ಕಡಿಮೆ ಆಗುತ್ತೆ. ಹೆಣ್ಮಕ್ಕಳು ಶೌಚಾಲಯದ ತೊಂದರೆಗೆ ಹೆದರಿಯೂ ನೀರು ಬಿಡ್ತಾರೆ. ಆ ಜಾಗಕ್ಕೆ ಚಹಾ ಬರುತ್ತೆ. ಗುಟ್ಕಾ, ಬೀಡಿ ಇದ್ದರೆ ಬಾಯಿ ಇನ್ನಷ್ಟು ಕೆಡುತ್ತೆ.

ಜೊಲ್ಲು ಅಂದ್ರೆ ಹಗುರ ಅಲ್ಲ

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತೆ. ಅದು ಹಲ್ಲಿನ ಸಂದಿ ತೊಳೆಯುತ್ತೆ, ಹುಳಿಯನ್ನು ತಗ್ಗಿಸುತ್ತೆ, ಹಲ್ಲಿಗೆ ಸುಣ್ಣದ ಅಂಶ ಕೊಡುತ್ತೆ. ಇದು ಕಡಿಮೆಯಾದರೆ ಹುಳುಕು ಹಲ್ಲು, ವಸಡಿನ ತೊಂದರೆ, ನಾಲಿಗೆ ಉರಿ, ತುಟಿ ಸೀಳು, ಬಾಯಿ ವಾಸನೆ ಸಾಲಾಗಿ ಬರುತ್ತವೆ. ಮಾಸ್ಕ್ ಹಾಕಿದಾಗ ವಾಸನೆ ಬಂದರೆ ಮಾಸ್ಕನ್ನೇ ಬೈಯೋರು ಜಾಸ್ತಿ. ಆದರೆ ಮೊದಲೇ ಇದ್ದ ವಾಸನೆ ಆಗ ನಮ್ಮ ಮೂಗಿಗೇ ಬಡಿಯುತ್ತೆ, ಅಷ್ಟೇ.

ಏನು ಮಾಡಬೇಕು?

- ಬಾಯಾರಿಕೆಗೆ ಕಾಯಬೇಡಿ. ತಾಸಿಗೊಮ್ಮೆ ದೂಳಿಲ್ಲದ ಕಡೆ ಹೋಗಿ, ಮಾಸ್ಕ್ ತೆಗೆದು ನಾಲ್ಕು ಗುಟುಕು ನೀರು ಕುಡಿಯಿರಿ. ಮಜ್ಜಿಗೆ ಇನ್ನೂ ಒಳ್ಳೇದು. ಕಿಡ್ನಿ, ಹೃದಯದ ತೊಂದರೆ ಇದ್ದವರು ಎಷ್ಟು ನೀರು ಅಂತ ವೈದ್ಯರನ್ನು ಕೇಳಿ.
- ಬಾಯಿ ಮುಚ್ಚಿ ಮೂಗಲ್ಲೇ ಉಸಿರಾಡುವುದನ್ನು ರೂಢಿ ಮಾಡಿಕೊಳ್ಳಿ. ಮೂಗು ಸದಾ ಕಟ್ಟಿದ್ದರೆ ಅದಕ್ಕೆ ಚಿಕಿತ್ಸೆ ಪಡೆಯಿರಿ.
- ಒದ್ದೆಯಾದ ಮಾಸ್ಕ್‌ನಲ್ಲಿ ಉಸಿರಾಟ ಕಷ್ಟ. ಎರಡು ಮಾಸ್ಕ್ ಇಟ್ಟುಕೊಂಡು ಮಧ್ಯಾಹ್ನ ಬದಲಿಸಿ. ಬಟ್ಟೆಯದ್ದಾದರೆ ದಿನಾ ಸೋಪಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಒಮ್ಮೆ ಬಳಸಿ ಎಸೆಯುವ ಮಾಸ್ಕನ್ನು ತೊಳೆದು ಮತ್ತೆ ಹಾಕಬೇಡಿ.
- ಸಣ್ಣ ದೂಳನ್ನು ಟವೆಲ್ ತಡೆಯೋದಿಲ್ಲ. ಎನ್‌-95 ಮಾಸ್ಕ್ ಸಣ್ಣ ಕಣಗಳಲ್ಲಿ ಶೇ 95ರಷ್ಟನ್ನಾದರೂ ಹಿಡಿಯುತ್ತೆ. ಆದರೆ ಅದು ಮುಖಕ್ಕೆ ಸರಿಯಾಗಿ ಕೂರಬೇಕು, ದಪ್ಪ ಗಡ್ಡ ಇದ್ದರೆ ಸಂದಿ ಉಳಿಯುತ್ತೆ.
- ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಮಾಸ್ಕ್ ಒಳಭಾಗ ಮುಟ್ಟಿದರೆ ತುಟಿ, ಮೂಗು ಉರಿಯುತ್ತೆ. ಖಾರದ ಅಂಶ ಬರಿ ನೀರಿಗೆ ಹೋಗೋದಿಲ್ಲ, ಸೋಪು ಬೇಕು.
- ಮನೆಗೆ ಬಂದ ಮೇಲೆ ಬಾಯಿ ಮುಕ್ಕಳಿಸಿ. ಮಲಗುವ ಮುನ್ನ ಹಲ್ಲುಜ್ಜಿ. ಬಾಯಿ ಒಣಗುತ್ತೆ ಅಂತ ಸಕ್ಕರೆ ಪೆಪ್ಪರಮಿಂಟ್ ಚೀಪಬೇಡಿ, ಹಲ್ಲು ಬೇಗ ಹಾಳಾಗುತ್ತೆ.

ಮಾಸ್ಕ್ ಮೇಲೆ ತಪ್ಪು ಹೊರಿಸಿ ಸುಮ್ಮನಿರಬೇಡಿ

ಎಲ್ಲಕ್ಕಿಂತ ಮುಖ್ಯ ವಿಷಯ ಇದು. ಭಾನುವಾರ ಮನೆಯಲ್ಲಿ ಮಾಸ್ಕ್ ಇಲ್ಲದೇ ಇದ್ದಾಗಲೂ ಬಾಯಿ ಒಣಗುತ್ತಿದೆಯೇ, ನೋಡಿಕೊಳ್ಳಿ. ಹೌದಾದರೆ ಕಾರಣ ಬೇರೆ ಇದೆ.

ಬಾಯಿ ಒಣಗೋದು, ಪದೇ ಪದೇ ಮೂತ್ರ, ಸುಸ್ತು, ತೂಕ ಇಳಿಕೆ ಒಟ್ಟಿಗೆ ಇದ್ದರೆ ಶುಗರ್ ಪರೀಕ್ಷೆ ಮಾಡಿಸಲೇಬೇಕು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪ್ರಮಾಣ 100ರ ಒಳಗಿದ್ದರೆ ಸರಿ. 126 ಅಥವಾ ಮೇಲಿದ್ದು, ಇನ್ನೊಮ್ಮೆ ನೋಡಿದಾಗಲೂ ಹಾಗೇ ಬಂದರೆ ಅದು ಸಕ್ಕರೆ ಕಾಯಿಲೆ. ನೆಗಡಿ, ಅಲರ್ಜಿ ಮಾತ್ರೆ, ಕೆಲವು ಬಿಪಿ ಮತ್ತು ಮಾನಸಿಕ ತೊಂದರೆಯ ಮಾತ್ರೆಗಳಿಂದಲೂ ಬಾಯಿ ಒಣಗುತ್ತೆ. ಹಾಗಂತ ಮಾತ್ರೆ ತಾವಾಗೇ ಬಿಡಬಾರದು. ವೈದ್ಯರಿಗೆ ಹೇಳಿದರೆ ಬದಲಿಸಿಕೊಡಬಹುದು.

ಗುಟ್ಕಾ, ಅಡಿಕೆ ಹಾಕುವವರು ಇನ್ನೊಂದು ಪರೀಕ್ಷೆ ಮಾಡಿಕೊಳ್ಳಬೇಕು. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದರೂ ಚಟ ನಿಂತಿಲ್ಲ. ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹಿಡಿಸಿ ನೋಡಿ. ಹಿಡಿಸದಿದ್ದರೆ, ಖಾರ ತಿಂದಾಗ ವಿಪರೀತ ಉರಿ ಇದ್ದರೆ, ಕೆನ್ನೆ ಒಳಗೆ ಬಿಳಿಚಿಕೊಂಡು ಬಿಗಿಯಾಗಿದ್ದರೆ ಅದು ಅಡಿಕೆಯಿಂದ ಬಾಯಿ ಬಿಗಿಯುವ ಕಾಯಿಲೆ ಇರಬಹುದು. ಮುಂದೆ ಕ್ಯಾನ್ಸರ್‌ಗೆ ತಿರುಗುವ ಅಪಾಯ ಇದರಲ್ಲಿದೆ. ಎರಡು ವಾರ ದಾಟಿದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೂ ತಡ ಮಾಡಬೇಡಿ.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿ ಮತ್ತು ಬಾಯಿ ಕ್ಯಾನ್ಸರ್ ತಪಾಸಣೆ ಉಚಿತ. ಮಾರುಕಟ್ಟೆಗೆ ರಜೆ ಇರುವ ದಿನ ಬೆಳಿಗ್ಗೆ ಏನೂ ತಿನ್ನದೇ ಹೋದರೆ ಶುಗರ್ ಪರೀಕ್ಷೆ, ಬಾಯಿ ತಪಾಸಣೆ ಎರಡೂ ಒಂದೇ ಸಲಕ್ಕೆ ಮುಗಿಯುತ್ತೆ.